ಹುಳದ ರೊಟ್ಟಿಗೆ ಹಾಕಿದ ಯಾಲಕ್ಕಿ

...ಮಳಿ ಬಿದ್ರ ಜೇನುಹುಳಕ್ಕ ಹಬ್ಬ ಅಂತ ತಿಳ್ಕೊಂಡೀರಲ್ಲ, ಅದು ಸುಳ್ಳು. ಮಳಿಗಾಲದಾಗ ಅವಕ್ಕ ಉಪವಾಸ. ಹೂವು ಕಡಿಮಿ, ಇದ್ದ ಹೂವಿನ ಪರಾಗನೂ ತೊಳ್ಕೊಂಡು ಹೋಗಿರ್ತೈತಿ. ಪರಾಗ ಇಲ್ಲಂದ್ರ ಮರಿ ಬೆಳಿಯಂಗಿಲ್ಲ, ಮರಿ ಇಲ್ಲಂದ್ರ ಪೆಟ್ಟಿಗಿ ಖಾಲಿ. ಅದಕ್ಕ ಸಾಕಾವ್ರು ಏನರೆ ತಿನ್ನಾಕ ಇಡಬೇಕಾಗ್ತೈತಿ. ನಿಮ್ಮಜ್ಜ ಸರಕಾರಿ ನೌಕರಿಯಿಂದ ರಿಟೈರ್ ಆದ ಮ್ಯಾಲ ಸುಮ್ಮ ಕೂಡಬೇಕಿಲ್ಲ? ಕೂಡಲಿಲ್ಲ. ಸೋಯಾ ಹಿಟ್ಟು, ಯೀಸ್ಟು, ಸಕ್ಕರಿ ಪಾಕ ಕೂಡಿಸಿ ಹುಳಕ್ಕ ಆಹಾರ ಮಾಡಿ ಮಾರ್ತೀನಿ ಅಂತ ಹೊಂಟ್ರು. ಹೇಳಾವ್ರು ಅವರು, ನಾದಾಕಿ ನಾನು. ಹೋಳಿಗಿ ಕಣಕ ನಾದಿದ ಕೈ, ಇದ್ಯಾವ ಮಹಾ ಅಂತ ನಾದಿದೆ. ಅಂಗೈಯಗಲ ತಟ್ಟಿ ಕಾಗದದಾಗ ಸುತ್ತಿ ಇಡ್ತಿದ್ದೆ. ಮನ್ಯಾಗ ಅದಕ್ಕ ಹುಳದ ರೊಟ್ಟಿ ಅಂತಿದ್ವಿ. ಹುಳ ತಿಂತಿದ್ವು, ಮರಿನೂ ತುಂಬ್ತಿತ್ತು. ಆದ್ರ ಅಂಗಡಿಯಾಗ ಒಬ್ಬಾವನೂ ಮುಟ್ಟಲಿಲ್ಲ. ಯಾಕಂದ್ರ ನಾರ್ತಿತ್ತು. ಹಸಿ ಸೋಯಾ, ಹುಳಿ ಹುಳಿ ಯೀಸ್ಟು, ಕಾಗದ ಬಿಚ್ಚಿದ್ರ ಮೂಗು ಮುಚ್ಕೋಬೇಕು.

ಮಾರಾಕ ತಿರುಗಾವ ನನ್ನ ಮೈದುನ ವಸಂತ, ನಿಮಗ ಸಣ್ಣಜ್ಜ ಆಗಬೇಕು. ಮಾತಿನ ಮಲ್ಲ. ಬಿಸಲಾಗ ಅಬಿಡ್ಸ್ ಬಜಾರ ಎಲ್ಲಾ ಸುತ್ತಿ, ಅಲ್ಲಲ್ಲ, ಅಬಿಡ್ಸ್ ಅಷ್ಟ ಅಲ್ಲ, ಎಲ್ಲೆಲ್ಲಿ ಬೀಜ ಗೊಬ್ಬರದ ಅಂಗಡಿ ಅದಾವ ಅಲ್ಲೆಲ್ಲಾ ಸುತ್ತಿ ಬಂದು ಕುಂತ. "ವೈನಿ, ನಿಮ್ಮ ಹೂರಣಕ್ಕ ಏನು ಹಾಕ್ತೀರಿ?" ಅಂದ. "ಯಾಲಕ್ಕಿ," ಅಂದೆ. "ಇದಕ್ಕೂ ಹಾಕ್ರಿ. ಜರಾ ಕೈ ಬಿಟ್ಟು ಹಾಕ್ರಿ." ನಮ್ಮ ಕಡೆ ಹೆಂಗ ಗೊತ್ತೈತಲ್ಲ, ಸಿಹಿ ಅಂದ ಮ್ಯಾಲ ಯಾಲಕ್ಕಿ ಬೀಳಬೇಕು. ಯಾಲಕ್ಕಿ ಇಲ್ಲದ್ದು ದೇವರಿಗೂ ಸೇರಂಗಿಲ್ಲ ಅಂತಿದ್ರು ನಮ್ಮತ್ತಿ. ಯಾರಿಗೂ ವಿಚಿತ್ರ ಅನಿಸಲಿಲ್ಲ. ನಿಮ್ಮಜ್ಜ ಆದ್ರೂ ಸುಮ್ಮ ಒಪ್ಪಾವ್ರಲ್ಲ. ಮಾಳಗಿ ಮ್ಯಾಲ ನಮ್ದೊಂದು ಪೆಟ್ಟಿಗಿ ಇತ್ತು, ಅದರಾಗ ಇಟ್ಟು ನೋಡಿದ್ರು. ಹುಳ ಮುಕ್ಕೊಂಡು ತಿಂದ್ವು, ಮೊದಲಿಗಿಂತ ಲಗೂನ ಖಾಲಿ ಮಾಡಿದ್ವು. ವಸಂತ ಕುಣದಾಡಿದ. ಅಂಗಡಿಯಾವ್ರು ಮೂಸಿ ನೋಡಿ "ವಾಹ್" ಅಂದ್ರು. ಎಲ್ಲಾ ಛಲೋ ಆತು ಅನಿಸ್ತು, ನೋಡ್ರಿ. ಅದ ನನಗ ಹೆದರಿಕಿ. ಎಲ್ಲಾರೂ ಒಮ್ಮೆಲೇ ಛಲೋ ಅಂದ್ರ ನನಗ ಇವತ್ತಿಗೂ ನಂಬಿಕಿ ಬರಂಗಿಲ್ಲ.

ಶಂಶಾಬಾದ್ ದಾಟಿ ಒಂದು ಮಾವಿನ ತೋಟದಾಗ ಯಾದಗಿರಿ ಅಂತ ಒಬ್ಬಾವ ಸಾಲಾಗಿ ಪೆಟ್ಟಿಗಿ ಇಟ್ಟಿದ್ದ. ಏರ್‌ಪೋರ್ಟಿನಾಗ ಸಾಮಾನು ಹೊರೋ ಕೆಲಸ ಬಿಟ್ಟು, ಗಂಡ ಹೆಂಡತಿ ಇಬ್ರೂ ಅದರ ಮ್ಯಾಲ ಬದುಕಿದ್ರು. ಬ್ಯಾರೆ ಹೊಲ ಇಲ್ಲ, ಬ್ಯಾರೆ ದಾರಿ ಇಲ್ಲ. "ಅಮ್ಮಾ, ಈ ಮಳಿಗಾಲ ದಾಟಿಸಿಬಿಟ್ರ ಸಾಕು, ಮುಂದ ಪೆಟ್ಟಿಗಿ ಸೂರ್ಯಕಾಂತಿ ಹೊಲಕ್ಕ ಒಯ್ತೀನಿ," ಅಂತಿದ್ದ, ತೆಲುಗಿನಾಗ. ನಮ್ಮ ಮೊದಲನೇ ದೊಡ್ಡ ಗಿರಾಕಿ ಅಂತ ನಾವು ಮೂವರೂ ಹೋದ್ವಿ. ಮುಂಜಾನೆ ಮಳಿ ನಿಂತು ಬಿಸಲು ಬಿದ್ದಿತ್ತು. ಪೆಟ್ಟಿಗಿ ಮುಚ್ಚಳ ತಗದು ಒಂದೊಂದಕ್ಕ ರೊಟ್ಟಿ ಇಟ್ವಿ, ಸೊರಗಿದ ಪೆಟ್ಟಿಗಿಗೆ ಮೊದಲು. ಪಾಪ, ಹಸ್ದಾವಲ್ಲ. ತೋಟ ತುಂಬ ಯಾಲಕ್ಕಿ ವಾಸನಿ, ಮದುವಿ ಮನಿ ಅಡಿಗಿ ಖೋಲಿ ಹಂಗ.

ಮಧ್ಯಾಹ್ನ ಬುತ್ತಿ ಬಿಚ್ಚಿದ್ವಿ. ಆವಾಗ ಸದ್ದು ಬದಲಾತು. ಹೆಂಗ ಹೇಳಲಿ ನಿಮಗ, ಹುಳದ ಸದ್ದು ಒಂದ ಹದಕ್ಕಿರ್ತೈತಿ, ಅದು ಏರಾಕತ್ತು. ಬಾಗಲ ಬಿಟ್ಟು ಪೆಟ್ಟಿಗಿ ಹಿಂದ, ಮುಚ್ಚಳದ ಬಿರುಕಿನಾಗ ಹುಳ ನುಗ್ಗಾಕತ್ವು. ಬಾಗಲದಾಗ ಒಂದಕ್ಕೊಂದು ಕಚ್ಕೊಂಡು ಉಳ್ಳಾಡಾಕತ್ವು. ಯಾದಗಿರಿ ಕೈಯಾಗಿನ ತುತ್ತು ಹಂಗ ಇಳಿಸಿ ಎದ್ದು ನಿಂತ. "ದೊಂಗಲು," ಅಂದ ಮೆಲ್ಲಕ. ಕಳ್ಳರು ಅಂತ ಅರ್ಥ. ಹೂವಿಲ್ಲದ ಕಾಲದಾಗ ಗಟ್ಟಿ ಪೆಟ್ಟಿಗಿ ಹುಳ ವಾಸನಿ ಹಿಡ್ಕೊಂಡು ಬಡಪಾಯಿ ಪೆಟ್ಟಿಗಿಗೆ ನುಗ್ಗಿ ಲೂಟಿ ಮಾಡ್ತಾವ. ಒಮ್ಮೆ ರುಚಿ ಹತ್ತಿದ್ರ ರೊಟ್ಟಿ ಬಿಟ್ಟು ಒಳಗಿನ ಜೇನು, ಅದು ಮುಗದ್ರ ಮುಂದಿನ ಪೆಟ್ಟಿಗಿ. ನಾವು ಹುಲ್ಲು ಕಿತ್ತು ಬಾಗಲಕ್ಕ ತುರುಕಿದ್ವಿ, ಗೋಣಿಚೀಲ ತೋಯಿಸಿ ಮ್ಯಾಲ ಹೊಚ್ಚಿದ್ವಿ, ಆತ ರೊಟ್ಟಿ ಕಿತ್ತು ಕಿತ್ತು ಬಕೀಟಿನಾಗ ಒಗದ. ರೊಟ್ಟಿ ಹೋತು, ವಾಸನಿ ಹೋಗಲಿಲ್ಲ. ನಮ್ಮ ಕೈಗೂ ಅದ ವಾಸನಿ, ಹಿಡಿದ ಗೋಣಿಗೂ ಅದ ವಾಸನಿ. ನಿಮ್ಮಜ್ಜ ನಡು ತೋಟದಾಗ ನಿಂತುಬಿಟ್ಟಿದ್ರು. "ನಮ್ಮ ಮನ್ಯಾಗ ಇದ್ದದ್ದು ಒಂದ ಪೆಟ್ಟಿಗಿ," ಅಂದ್ರು. "ಅಲ್ಲಿ ಕದಿಯಾಕ ಯಾರಿದ್ರು?"

ಸಂಜಿ ಹೊತ್ತಿಗೆ ಸದ್ದು ನಿಂತಿತು. ಕಾಲಿಡಾಕ ಜಾಗ ಇಲ್ಲ, ಸತ್ತ ಹುಳ. ಯಾದಗಿರಿ ಹೆಂಡತಿ ಲಕ್ಷ್ಮಿ ಒಂದೊಂದು ಪೆಟ್ಟಿಗಿ ತಗದು ರಾಣಿ ಹುಳ ಹುಡಕ್ತಿದ್ಳು. ಸಿಗಲಿಲ್ಲಂದ್ರ ಮುಚ್ಚಳ ಸಾವಕಾಶ ಮುಚ್ಚತಿದ್ಳು, ಮಕ್ಕಳು ಮಲಗಿದ ಖೋಲಿ ಬಾಗಲ ಮುಚ್ಚಿದಂಗ. ಸೂರ್ಯಕಾಂತಿಗೆ ಒಯ್ಯಾಕ ಏನೂ ಉಳೀಲಿಲ್ಲ, ಯಾದಗಿರಿ ತಿರುಗಿ ಏರ್‌ಪೋರ್ಟಿಗೆ ಸಾಮಾನು ಹೊರಾಕ ಹೋದ.

ಇಷ್ಟಕ್ಕ ಮುಗೀತು ಅಂತೀರೇನು? ಮರುವಾರ ವಸಂತನ ಫೋನು ನಿಂದ್ರಂಗಿಲ್ಲ. ಯಾಲಕ್ಕಿದ ಇನ್ನೂ ಬೇಕಂತ, ಎಲ್ಲಾ ಅಂಗಡಿಯಾವ್ರಿಗೂ ಅದ ಬೇಕಂತ. ವಸಂತ ತಲಿ ತಗ್ಗಿಸಿ ಅಂದ, "ವೈನಿ, ಒಂದ ಪೆಟ್ಟಿಗಿ ಇದ್ದಾವ್ರಿಗೆ ಅಷ್ಟ ಕೊಡ್ರಿ ಅಂತ ಹೇಳಿ ಮಾರೋಣೇನು?" ನಂಗ ಸಿಟ್ಟು ನೆತ್ತಿಗೇರಿತು. "ನಿನ್ನ ಅಂಗಡಿಯಾವ ಗಿರಾಕಿ ಹಿತ್ತಲಕ್ಕ ಹೋಗಿ ಪೆಟ್ಟಿಗಿ ನೋಡಿ ಬರ್ತಾನೇನು? ಇನ್ನೊಬ್ಬ ಯಾದಗಿರಿ ಬೇಕೇನು ನಿನಗ?" ಅಂದೆ. ಅಂಗಡಿಗೆ ಕೊಟ್ಟದ್ದೆಲ್ಲಾ ಅವನ ಕೈಲೆ ವಾಪಸ್ ತರಿಸಿ, ಮನಿ ಹಿಂದಿನ ಖಾಲಿ ಜಾಗಾದಾಗ ತೆಗ್ಗು ತೋಡಿಸಿ ಹುಗಿಸಿದೆ. ಮ್ಯಾಲ ಕಲ್ಲು ಎಳೆಸಿದೆ. ಆಮ್ಯಾಲ ವಾಸನಿ ಇಲ್ಲದ್ದ ಮಾಡಿದ್ವಿ, ಯಾರೂ ಕೊಳ್ಳಲಿಲ್ಲ, ಧಂದೆ ಮುಳುಗಿತು, ಮುಳುಗಲಿ. ಆದ್ರ ಹುಗಿದ ಮರುದಿನ ಹಿತ್ತಲಕ್ಕ ಹೋಗಿ ನೋಡ್ತೀನಿ, ಆ ಕಲ್ಲಿನ ಸಂದಿನಾಗ ಹುಳ ತಿರುಗಾಕತ್ತಾವ. ನಮ್ಮವಲ್ಲ, ನಮ್ಮ ಪೆಟ್ಟಿಗಿ ಯಾದಗಿರಿಗೆ ಕೊಟ್ಟಾಗಿತ್ತು. ಯಾರ ಹುಳನೋ, ಎಷ್ಟು ದೂರದಿಂದ ಬಂದಿದ್ವೋ. ಮಾಳಗಿ ಮ್ಯಾಲಿನ ಒಂದ ರೊಟ್ಟಿ ವಾಸನಿ ಅವಕ್ಕ ಮುಟ್ಟಿರಲಿಲ್ಲ, ಅಷ್ಟ.

ನೀವು ನಾಳೆ ಏನರೆ ಮಾಡಿ ಮಾರ್ರಿ, ಬ್ಯಾಡ ಅನ್ನಂಗಿಲ್ಲ. ಅಡಿಗಿ ಮಾತ್ರ ಉಣ್ಣಾವ್ರ ಹೊಟ್ಟಿ ನೋಡಿ ಮಾಡ್ರಿ, ಕೊಳ್ಳಾವ್ರ ಮೂಗು ನೋಡಿ ಮಾಡಬ್ಯಾಡ್ರಿ.