ಬೆಳಗವ್ವನೂ ಬೈಗವ್ವನೂ

ಹತ್ರ ಬನ್ನಿ, ಇನ್ನೂ ಹತ್ರ. ಯಾರಾದ್ರೂ ಒಬ್ರು ಹೂಂಗುಟ್ಟಬೇಕು. ಹೂಂಗುಟ್ಟದಿದ್ರೆ ನಾನು ಅರ್ಧದಲ್ಲೇ ಎದ್ದು ಹೋಗೋಳೇ, ಆಮೇಲೆ ಅಜ್ಜಿಗೆ ಸಿಟ್ಟು ಜಾಸ್ತಿ ಅನ್ನಬೇಡಿ.

ಯಾವುದೋ ಕಾಲ, ಯಾವುದೋ ಸೀಮೆ. ಆ ಸೀಮೆ ನಡುವೆ ಒಂದು ಗುಡ್ಡ. ಗುಡ್ಡ ಅಂದ್ರೆ ಎಂಥಾ ಗುಡ್ಡ? ಬಡಗಲಿಂದ ತೆಂಕಲವರೆಗೆ ಗೋಡೆ ಎಬ್ಬಿಸಿದಂಗೆ ನಿಂತಿರೋ ಗುಡ್ಡ. ಅದರ ಮೂಡಲ ಬುಡದಲ್ಲಿ ಒಂದೂರು, ಮೂಡಲಟ್ಟಿ. ಪಡುವಲ ಬುಡದಲ್ಲಿ ಒಂದೂರು, ಪಡುವಲಟ್ಟಿ. ಗುಡ್ಡ ಹತ್ತಿದೋರು ಎರಡೂ ಊರಲ್ಲಿ ಯಾರೂ ಇಲ್ಲ. ಯಾಕೆ ಹತ್ತಬೇಕು ಹೇಳಿ? ಮೇಲೆ ಹುಲ್ಲಿಲ್ಲ, ನೀರಿಲ್ಲ, ಬರೀ ಕಲ್ಲು, ಕಳ್ಳಿ. ಒಂದೂರಿಂದ ಇನ್ನೊಂದೂರಿಗೆ ಹೋಗಬೇಕಾದ್ರೆ ಗುಡ್ಡ ಮುಗಿಯೋ ತುದಿ ಸುತ್ತಿಕೊಂಡು ಹೋಗೋರು. ತುದೀಲಿ ಒಂದು ಸಂತೆ. ಮಧ್ಯಾಹ್ನ ಸೇರೋರು, ಬಿಸಿಲು ಇಳಿಯೋ ಮೊದಲೇ ಮನೆ ಕಡೆ ಹೊರಡೋರು.

ಈಗ ಸರಿಯಾಗಿ ಕೇಳಿ. ಮೂಡಲಟ್ಟಿಯೋರಿಗೆ ಒಂದು ಚುಕ್ಕಿ ಇತ್ತು. ನಸುಕಿನಲ್ಲಿ, ಸೂರ್ಯ ಹುಟ್ಟೋಕೆ ಮೊದಲು, ಮೂಡಲಲ್ಲಿ ಬರೋದು. ಬೇರೆ ಚುಕ್ಕಿ ಥರ ಮಿನುಗೋದಿಲ್ಲ, ಗೂಡಲ್ಲಿಟ್ಟ ದೀಪದಂಗೆ ನೆಟ್ಟಗೆ ಉರಿಯೋದು. ಅದಕ್ಕೆ ಬೆಳಗವ್ವ ಅಂತ ಹೆಸರಿಟ್ಟು ಕೈ ಮುಗಿಯೋರು. ಪಡುವಲಟ್ಟಿಯೋರಿಗೂ ಒಂದು ಚುಕ್ಕಿ ಇತ್ತು. ಸೂರ್ಯ ಮುಳುಗಿದ ಮೇಲೆ ಪಡುವಲಲ್ಲಿ ಬರೋದು. ಅದಕ್ಕೆ ಬೈಗವ್ವ ಅಂತ ಹೆಸರು. ಇವಳು ಅವರಿಗೆ ಕಾಣಳು, ಅವಳು ಇವರಿಗೆ ಕಾಣಳು. ಕಾಣೋದಾದ್ರೂ ಹೆಂಗೆ? ಬೆಳಗವ್ವ ಗುಡ್ಡದ ನೆತ್ತಿ ದಾಟಿ ಮೇಲೆ ಬರೋ ಹೊತ್ತಿಗೆ ಪಡುವಲಟ್ಟೀಲಿ ಬೆಳಕು ಹರಿದಿರೋದು. ಮೂಡಲಟ್ಟೀಲಿ ಕತ್ತಲಾಗೋ ಹೊತ್ತಿಗೆ ಬೈಗವ್ವ ಗುಡ್ಡದ ಹಿಂದೆ ಇಳಿದಿರೋಳು. ದನ ಕೊಳ್ಳೋಕೆ ಹೋಗಿ ಆ ಊರಲ್ಲಿ ಉಳಿದು ಬಂದೋರು, "ಅವರವ್ವನೂ ಚೆಂದ ಅವಳೆ ಕಣ್ರೋ, ಆದ್ರೂ ನಮ್ಮವ್ವನ ಕಳೆ ಇಲ್ಲ ಬಿಡ್ರಿ" ಅನ್ನೋರು. ಎರಡೂ ಊರೋರು ಹಂಗೇ ಅನ್ನೋರು. ನಗಬೇಡಿ, ಮುಂದೆ ಐತೆ.

ಎರಡೂ ಊರಿಗೆ ಒಂದೇ ಕಟ್ಟಳೆ. ಮದುವೆ ದಿನ ಊರ ಚುಕ್ಕಿ ಕಂಡ್ರೆ ಮಾತ್ರ ಧಾರೆ. ಅವ್ವ ಕೆಲವು ತಿಂಗಳು ಇರೋಳು, ಕೆಲವು ತಿಂಗಳು ಇರೋಳಲ್ಲ. ಇಲ್ಲದಾಗ "ಅವ್ವ ತವರಿಗೆ ಹೋಗವಳೆ" ಅಂತ ಮದುವೆ ಮುಂದಕ್ಕೆ ಹಾಕೋರು.

ಮೂಡಲಟ್ಟೀಲಿ ಪುಟ್ಟೀರಿ ಅಂತ ಒಬ್ಬ ಹುಡುಗಿ. ಉಣ್ಣೆ ನೂಲು ತೆಗೆದು ಸಂತೇಲಿ ಮಾರೋಳು. ಪಡುವಲಟ್ಟೀಲಿ ಜುಂಜ ಅಂತ ಒಬ್ಬ ಹುಡುಗ, ಕಂಬಳಿ ನೇಯೋನು. ಮನೇಲಿ ಅವ್ವ, ಅಕ್ಕ, ಅತ್ತಿಗೆ ಎಲ್ಲಾ ನೂಲು ತೆಗೀತಿದ್ರೂ ಈ ಪುಣ್ಯಾತ್ಮ ಪ್ರತಿ ಸಂತೇಲಿ ಪುಟ್ಟೀರಿ ಹತ್ರಾನೇ ನೂಲು ಕೊಳ್ಳೋನು. ಯಾಕೆ ಅಂತ ನಾನು ಬಾಯಿ ಬಿಟ್ಟು ಹೇಳಬೇಕಾ?

ಒಂದಿನ ಜುಂಜ ಅಪ್ಪನ್ನ ಕರ್ಕೊಂಡು, ತಾಂಬೂಲ ಹಿಡ್ಕೊಂಡು ಹೆಣ್ಣು ಕೇಳೋಕೆ ಬಂದ. ಮೂಡಲಟ್ಟಿ ಯಜಮಾನರು ಒಳ್ಳೇ ಮನಸ್ಸಿಂದಲೇ ಅಂದ್ರು: "ಕೊಡೋಕೆ ನಮಗೇನೂ ಅಡ್ಡಿಯಿಲ್ಲಪ್ಪ. ಆದ್ರೆ ಹೆಣ್ಣು ಬೆಳಗವ್ವನ ಮಗಳು, ಗಂಡು ಬೈಗವ್ವನ ಮಗ. ಇಬ್ಬರು ಅವ್ವಂದಿರೂ ನೋಡಬೇಕಲ್ಲ? ಬೆಳಿಗ್ಗೆ ಇವಳು ಕಂಡು, ಅವತ್ತೇ ಸಂಜೆ ಅವಳು ಕಂಡ್ರೆ, ಅವತ್ತು ಧಾರೆ."

ಅದೇನು ಮಹಾ, ಇವತ್ತಲ್ಲ ನಾಳೆ ಬರ್ತದೆ ಅಂತ ಎಲ್ಲರೂ ಎಲೆ ಅಡಿಕೆ ಹಾಕ್ಕೊಂಡು ಎದ್ರು.

ಆಗ ಬೆಳಗವ್ವ ಜಗಜಗ ಅಂತಿದ್ಲು. ಪಡುವಲಟ್ಟಿಗೆ ಹೇಳಿ ಕಳಿಸಿದ್ರು: "ಬೈಗವ್ವ ಬಂದವಳಾ?" "ಇಲ್ಲ, ತವರಿಗೆ ಹೋಗವಳೆ" ಅಂತ ಬಂತು ಉತ್ತರ. ಕಾದ್ರು. ಸಂತೇಲಿ ಜುಂಜ ಅಂದ, "ಈರಿ, ಬಂದ್ಬಿಡೇ ನನ್ನ ಜೊತೆ." ಪುಟ್ಟೀರಿ ಅಂದ್ಲು, "ಅವ್ವನ ಕಣ್ಣು ತಪ್ಪಿಸಿ ಕಟ್ಟಿಕೊಂಡ್ರೆ ನಾಳೆ ನಮ್ಮ ಮಕ್ಕಳಿಗೆ ಯಾರು ದಿಕ್ಕು? ಕಾಯೋಣ."

ಬೆಳಗವ್ವ ದಿನಾ ದಿನಾ ಕೆಳಕ್ಕಿಳಿದು ಸೂರ್ಯನ ಬೆಳಕಲ್ಲಿ ಮುಳುಗಿಹೋದ್ಲು. ಬಹಳ ದಿನ ಇಬ್ಬರೂ ಇಲ್ಲ. ಆಮೇಲೆ ಪಡುವಲಟ್ಟಿಯಿಂದ ಸುದ್ದಿ ಬಂತು, "ಬೈಗವ್ವ ಬಂದ್ಲು! ನಿಮ್ಮವಳು?" "ಅಯ್ಯೋ, ನಮ್ಮವಳು ತವರಲ್ಲವಳೆ!" ಕಾದ್ರು. ಜುಂಜ ಮತ್ತೆ ಅಂದ, "ಬಂದ್ಬಿಡೇ ಈರಿ." ಇವಳು ಮತ್ತೆ ಅಂದ್ಲು, "ಕಾಯೋಣ."

ಮೂರನೇ ಸಲ ಎರಡೂ ಊರೋರು ಉಪವಾಸ ಮಾಡಿ ಹರಕೆ ಹೊತ್ರು. ಬೈಗವ್ವ ಇಳೀತಾ ಇಳೀತಾ ಕಣ್ಮರೆಯಾದ್ಲು. ಕೆಲವೇ ದಿನ ಆಗಿತ್ತು, ಅಷ್ಟರಲ್ಲಿ ಈ ಕಡೆ ಬೆಳಗವ್ವ ಎದ್ದು ನಿಂತಿದ್ಲು. ಸ್ವಲ್ಪದರಲ್ಲೇ ತಪ್ಪಿಹೋಯ್ತು! ಯಜಮಾನರು ತಲೆ ಆಡಿಸಿದ್ರು: "ಇವರಿಬ್ಬರೂ ಸವತಿಯರು ಕಣ್ರಪ್ಪ. ಒಬ್ಬಳು ಇರೋ ಕಡೆ ಇನ್ನೊಬ್ಬಳು ಬರೋದಿಲ್ಲ." ಜುಂಜ ಮೂರನೇ ಸಲ ಕೇಳಿದ. ಪುಟ್ಟೀರಿ ಮೂರನೇ ಸಲ "ಕಾಯೋಣ" ಅಂದ್ಲು. ಆಮೇಲೆ ಅವನು ಕೇಳಲಿಲ್ಲ. ಅವನ ಮನೆಯೋರು ತಮ್ಮೂರಲ್ಲೇ ಹೆಣ್ಣು ತಂದು, ಬೈಗವ್ವ ಮತ್ತೆ ಬಂದಾಗ ಅವಳ ಎದುರಿಗೆ ಧಾರೆ ಎರೆದ್ರು.

ಪುಟ್ಟೀರಿ ಮದುವೆ ಆಗಲಿಲ್ಲ. ತಮ್ಮನ ಮನೇಲಿ ಉಳಿದ್ಲು. ಬೇಜಾರಾದಾಗ ಏನು ಮಾಡೋಳು ಗೊತ್ತಾ? ಗುಡ್ಡ ಹತ್ತೋಳು. ಪಡುವಲಟ್ಟಿ ಒಲೆ ಹೊಗೆ ನೋಡೋಕೆ. ಯಾವ ಹೊಗೆ ಯಾರ ಮನೇದು ಅಂತ ಅಷ್ಟು ದೂರಕ್ಕೆ ತಿಳೀತದಾ? ಆದ್ರೂ ನೋಡೋಳು.

ಹಂಗೆ ಕೂತಿದ್ದಾಗ ಒಂದು ಸಂಜೆ ಬೈಗವ್ವ ಕಂಡ್ಲು. ಈ ಸವತಿ ತಾನೇ ನನ್ನ ಬಾಳು ಕೆಡಿಸಿದ್ದು ಅಂತ ದಿಟ್ಟಿಸಿ ನೋಡಿದ್ಲು. ದಿನಾ ಬಂದು ನೋಡಿದ್ಲು. ಬೈಗವ್ವ ದಿನಕ್ಕಿಷ್ಟು ಇಳಿದು ಸೂರ್ಯನ ಹತ್ರ ಹೋಗಿ ಮರೆಯಾದ್ಲು. ಎಲ್ಲಿಗೆ ಹೋಗ್ತಾಳೆ ನೋಡೇಬಿಡ್ತೀನಿ ಅಂತ ಪುಟ್ಟೀರಿ ನಸುಕಿಗೂ ಗುಡ್ಡ ಹತ್ತಿದ್ಲು. ಕೆಲವು ದಿನ ಕಳೆದು, ಸೂರ್ಯನ ಇನ್ನೊಂದು ಮಗ್ಗುಲಿಂದ ಬೆಳಗವ್ವ ಮೇಲೆ ಬಂದ್ಲು. ಅದೇ ಬಣ್ಣ. ಅದೇ ನೆಟ್ಟಗಿನ ಉರಿ. ಅದೇ ಮುಖ.

ಪುಟ್ಟೀರಿಗೆ ರಾಗಿ ಕಣ ನೆನಪಾಯ್ತು. ಕಣದ ನಡುವೆ ಮೇಟಿ ಕಂಬ, ಅದರ ಸುತ್ತ ತುಳಿಯೋ ಎತ್ತು. ಕಣದ ಅಂಚಲ್ಲಿ ಕೂತು ನೋಡಿದ್ರೆ ಎತ್ತು ಒಂದ್ಸಲ ಕಂಬದ ಎಡಕ್ಕೆ, ಒಂದ್ಸಲ ಬಲಕ್ಕೆ. ಎಡಕ್ಕೊಂದು ಎತ್ತು, ಬಲಕ್ಕೊಂದು ಎತ್ತು ಅಂತ ಯಾರಾದ್ರೂ ಅಂತಾರಾ?

ಕೂತಲ್ಲೇ ಕೂತ್ಲು. ಬಿಸಿಲು ಏರಿದ್ರೂ ಏಳಲಿಲ್ಲ. ಆಮೇಲೆ ಗುಡ್ಡ ಇಳಿದ್ಲು, ಯಾರಿಗೂ ಹೇಳಲಿಲ್ಲ.

ವರ್ಷಗಳು ಹೋದ್ವು. ಪುಟ್ಟೀರಿ ತಲೆ ಬೆಳ್ಳಗಾಯ್ತು. ಅವಳ ತಮ್ಮನ ಮಗಳು ದೇವೀರಿ ದೊಡ್ಡೋಳಾದ್ಲು. ಆ ಹುಡುಗಿ ಮನಸ್ಸು ಕೊಟ್ಟಿದ್ದು ಯಾರಿಗೆ? ಸಂತೇಲಿ ಕಂಬಳಿ ಮಾರೋ ಕಾಟನಿಗೆ. ಕಾಟ ಯಾರು? ಜುಂಜನ ಮಗ! ಎರಡೂ ಊರ ಯಜಮಾನರು ಸಂತೆ ಮಾಳದಲ್ಲಿ ಸೇರಿದ್ರು. ಮತ್ತೆ ಅದೇ ಮಾತು. ಇಬ್ಬರು ಅವ್ವಂದಿರೂ ಒಂದೇ ದಿನ ಕಾಣಬೇಕು. ದೇವೀರಿ ತಲೆ ತಗ್ಗಿಸಿಕೊಂಡು ಅಂದ್ಲು, "ಆಗಲಿ, ಕಾಯ್ತೀನಿ."

ಆ ಮಾತು ಕೇಳಿದ್ದೇ ಪುಟ್ಟೀರಿ ಎದ್ಲು.

"ಕಾಯಬೇಡ ಮಗಾ! ಏಳು, ಇಲ್ಲಿ ಬಾ."

ತನ್ನ ಊರುಗೋಲು ತಗೊಂಡು ನೆಲಕ್ಕೆ ನೆಟ್ಲು. "ಇದು ಸೂರ್ಯ ಅಂದ್ಕೊಳ್ಳಿ. ಯಜಮಾನ್ರೇ, ನೀವು ಕೂತಲ್ಲಿಂದ ಅಲುಗಾಡಬೇಡಿ. ದೇವೀರಿ, ನೀನು ಕೋಲಿನ ಸುತ್ತ ನಡಿ." ಹುಡುಗಿ ನಡೆದ್ಲು. "ಈಗ ಎಲ್ಲವಳೆ?" "ಕೋಲಿನ ಎಡಕ್ಕೆ." "ಈಗ?" "ಬಲಕ್ಕೆ." "ಕೋಲಿನ ನೇರಕ್ಕೆ ಬಂದಾಗ ಸೂರ್ಯನ ಬೆಳಕಲ್ಲಿ ಕಾಣೋದಿಲ್ಲ, ನೀವು ತವರಿಗೆ ಹೋದ್ಲು ಅಂತೀರಿ. ಕೋಲಿನ ಹಿಂದೆ ಹೋದ್ರೆ ದೂರ, ಬರೋದು ತಡ. ನಿಮ್ಮ ಕಡೆ ಹಾದ್ರೆ ಹತ್ರ, ಬೇಗ ಬರ್ತಾಳೆ. ಈಗ ಹೇಳಿ ಯಜಮಾನ್ರೇ, ಎಷ್ಟು ಹುಡುಗೀರನ್ನ ಕಂಡ್ರಿ?"

"ಒಬ್ಬಳೇ."

"ನಾನು ಗುಡ್ಡದ ಮೇಲಿಂದ ಕಂಡಿದ್ದೂ ಒಬ್ಬಳನ್ನೇ. ಬೆಳಗವ್ವನೂ ಅವಳೇ, ಬೈಗವ್ವನೂ ಅವಳೇ. ಇರೋದೇ ಒಬ್ಬಳು, ಒಂದೇ ದಿನ ಇಬ್ಬರು ಎಲ್ಲಿಂದ ಬರ್ತಾರೆ?"

ಸ್ಕೂಲಿಗೆ ಹೋಗೋ ಮಕ್ಕಳೇ, ನೀವು ಇದಕ್ಕೆ ಶುಕ್ರ ಅಂತೀರಿ. ಚುಕ್ಕಿಯಲ್ಲ ಅಜ್ಜಿ, ನಮ್ಮ ಭೂಮಿ ಥರಾನೇ ಸೂರ್ಯನ ಸುತ್ತೋ ಗ್ರಹ ಅಂತೀರಿ. ನಿಮ್ಮ ಮೇಷ್ಟ್ರು ಸರಿಯಾಗೇ ಹೇಳಿಕೊಟ್ಟವ್ರೆ. ಪುಟ್ಟೀರಿಗೆ ಹೇಳೋಕೆ ಯಾರೂ ಇರಲಿಲ್ಲ, ಅಷ್ಟೇ.

ಮಾಳದಲ್ಲಿ ಹಿಂದೆ ಕೂತಿದ್ದ ಜುಂಜ ನಿಧಾನಕ್ಕೆ ಎದ್ದು ಬಂದ. ಅವನ ಮೀಸೆಯೂ ಬೆಳ್ಳಗಾಗಿತ್ತು.

"ಹಂಗಾದ್ರೆ ಈರಿ, ನಾನು ತಾಂಬೂಲ ತಂದ ದಿನ?"

"ಅವತ್ತು ನಸುಕಿನಲ್ಲಿ ನಾನೇ ಕೈ ಮುಗಿದಿದ್ದೆ. ಇದ್ಲು."

"ನಮ್ಮ ಬೈಗವ್ವ?"

"ಅವಳೂ ಅಲ್ಲೇ ಇದ್ಲಲ್ಲ. ಅವತ್ತೇ ಆಗಬಹುದಿತ್ತು."

ಜುಂಜ ನೆಲ ನೋಡಿದ. "ಯಾವಾಗಿಂದ ಗೊತ್ತು ನಿಂಗೆ?"

"ನಿನ್ನ ಮಗ ತೊಟ್ಟಿಲಲ್ಲಿದ್ದಾಗಿಂದ."

"ಒಂದು ಮಾತು ಹೇಳಬಾರದಿತ್ತಾ?"

"ಹೇಳಿ ಏನು ಮಾಡಲಿ? ನಿನ್ನ ಹೆಂಡತಿ ಏನು ತಪ್ಪು ಮಾಡಿದ್ಲು?"

ಜುಂಜ ಹೆಗಲ ಮೇಲಿದ್ದ ಕಂಬಳಿ ತೆಗೆದು ಮುಖ ಒರೆಸಿಕೊಂಡ. ಆ ಕಂಬಳಿ ಹಳೇದು, ಅಂಚೆಲ್ಲಾ ಹರಿದಿತ್ತು. ಪುಟ್ಟೀರಿ ತನ್ನ ನೂಲಿನ ಗುರುತು ಹಿಡಿದ್ಲು.

ಮದುವೆ ಆಯ್ತು. ಎಲ್ಲಿ? ಗುಡ್ಡದ ಮೇಲೆ. ಎರಡೂ ಊರಿನ ಜನ ಮೊದಲನೇ ಸಲ ಗುಡ್ಡ ಹತ್ತಿದ್ರು. ನಸುಕಿನಲ್ಲಿ ಅವ್ವ ಎದ್ದು ಬಂದ್ಲು. "ಬೆಳಗವ್ವ ಬಂದ್ಲು" ಅಂದ್ರು ಇವರು, "ಅಲ್ಲ, ಬೈಗವ್ವ" ಅಂದ್ರು ಅವರು, ಆಮೇಲೆ ಎಲ್ಲರೂ ನಕ್ಕು ಧಾರೆ ಎರೆದ್ರು. ಪುಟ್ಟೀರಿನೂ ನಕ್ಲು. ದೇವೀರಿ ಕೈ ಮೇಲೆ ನೀರು ಬೀಳೋದನ್ನ ಕಣ್ತುಂಬ ನೋಡಿದ್ಲು. ಎಲ್ಲರೂ ಊಟಕ್ಕೆ ಏಳೋವಾಗ ಒಬ್ಬಳೇ ಹಿಂದೆ ಉಳಿದು, ಬೆಳಕಲ್ಲಿ ಕರಗ್ತಿದ್ದ ಆ ಚುಕ್ಕಿ ಕಡೆ ತಿರುಗಿ ಅಂದ್ಲು:

"ಅವತ್ತೇ ಬಂದಿದ್ದೆಯಲ್ಲ ತಾಯಿ. ನಾನೇ ನಿನ್ನ ಗುರುತು ಹಿಡೀಲಿಲ್ಲ."

ಕಥೆ ಗುಡ್ಡದ ಮೇಲೇ ಉಳೀತು, ನಾವು ಇಳಿದು ಬಂದ್ವಿ. ಹೂಂಗುಟ್ಟಿದೋರು ಮಲಗಿ, ನಸುಕಿಗೆ ಎದ್ದು ಮೂಡಲ ಕಡೆ ನೋಡಿ. ಅಲ್ಲಿ ಕಾಣದಿದ್ರೆ, ಸಂಜೆ ಪಡುವಲ ಕಡೆ ನೋಡಿ.