ಗೋಣಿಚೀಲದ ಎಂಜಿನ್

ವಾಹನ ನೋಂದಣಿ ಕಚೇರಿಯ ಬೆಂಚಿನಲ್ಲಿ ನನ್ನ ಪಕ್ಕ ಒಬ್ಬ ಹೆಂಗಸು, ಅವರಾಚೆ ಒಬ್ಬ ಮೆಕ್ಯಾನಿಕ್ ಕೂತಿದ್ದರು. ಹೊರಗೆ ಹಳೆಯ ಇಟಾಲಿಯನ್ ಬೈಕೊಂದು ಹೊಸದರಂತೆ ಹೊಳೆಯುತ್ತಿತ್ತು.

ಮೆಕ್ಯಾನಿಕ್ ಆಕೆಯ ಮುಂದೆ ಒಂದು ಕಾಗದ ಹಿಡಿದ. "ಅತ್ತಿಗೆ, ಗಾಡಿ ಅಸಲಿ ಅಂತ ಸಹಿ ಹಾಕಿ. ಇಲ್ಲದಿದ್ರೆ ಗಿರಾಕಿ ಕೊಳ್ಳಲ್ಲ."

"ತೀರಿಹೋದ ನಿಮ್ಮಣ್ಣ ಓಡಿಸ್ತಿದ್ದದ್ದು ಇದರಲ್ಲಿ ಏನುಳಿದಿದೆಯಪ್ಪಾ?"

"ಚಾಸಿ ಒಂದೇ. ಎಂಜಿನ್, ಟ್ಯಾಂಕು, ಸೀಟು ಎಲ್ಲಾ ಬೇರೆ. ಬಿಚ್ಚಿದ ಸಾಮಾನು ಯಜಮಾನರಿಗೇ ಕೊಡೋದು ನಮ್ಮ ಪದ್ಧತಿ. ಗೋಣಿಚೀಲದಲ್ಲಿ ಕಟ್ಟಿ ಕೊಟ್ಟೆನಲ್ಲ?"

"ಹಿಂದಿನ ಕೋಣೇಲಿದೆ. ದಿನಾ ಬೆಳಿಗ್ಗೆ ಆರೂವರೆಗೆ ಆ ಎಂಜಿನ್ ಬಿಸಿಯಾಗಿರತ್ತೆ."

"ಬಿಸಿಲು ಬೀಳತ್ತೇನೋ, ಬಿಡಿ."

"ಆ ಕೋಣೆಗೆ ಕಿಟಕಿಯೇ ಇಲ್ಲ. ಅವರು ರಾತ್ರಿ ಪಾಳಿ ಮುಗಿಸಿ ಇದೇ ಗಾಡೀಲಿ ಬರ್ತಿದ್ದದ್ದು ಆರೂವರೆಗೆ."

ಮೆಕ್ಯಾನಿಕ್ ನಗಲು ನೋಡಿದ. "ಆ ಎಂಜಿನ್ ಒಳಗೆ ಪಿಸ್ಟನ್ನೇ ಇಲ್ಲ ಅತ್ತಿಗೆ. ಅಣ್ಣನ ನೆನಪಿಗೆ ಅದೊಂದನ್ನ ನಾನೇ ಇಟ್ಕೊಂಡೆ."

"ಅದೂ ಬಿಸಿಯಾಗತ್ತಾ?"

ಅವನು ಬಲಗೈಯ ಬ್ಯಾಂಡೇಜಿನ ಮೇಲೆ ಎಡಗೈ ಇಟ್ಟು ಮುಚ್ಚಿಕೊಂಡ.

ಒಳಗಿನಿಂದ ಅವರ ನಂಬರು ಕೂಗಿದರು. ಆಕೆ ಸಹಿ ಹಾಕದ ಕಾಗದವನ್ನು ಮಡಚಿ ಅವನ ಜೇಬಿಗಿಟ್ಟು, ಹೊರಬಾಗಿಲಿನ ಕಡೆ ಹೊರಟರು.

"ನಡಿ, ಪಿಸ್ಟನ್ ಇವತ್ತೇ ಕೊಟ್ಟುಬಿಡು. ಒಂದು ಸಾಮಾನು ಕಮ್ಮಿಯಾಗಿ ಪಾಪ, ಅವರು ಮನೆಯೊಳಕ್ಕೆ ಬರೋಕಾಗ್ತಿಲ್ಲ."