ಸೊಪ್ಪಿನ ತಿರುವು

ಮೇಗರವಳ್ಳಿಯ ಆಚೆ ರಾಷ್ಟ್ರೀಯ ಉದ್ಯಾನದ ಗೇಟಿನ ಪಕ್ಕ ಒಂದು ತಗಡಿನ ಶೆಡ್ಡಿದೆ. ಅದರ ಮುಂದೆ ಹಸಿರು ಬೋರ್ಡು: ‘ಸುಲಭ ಹಾದಿ. ಒಂದೂವರೆ ಕಿಲೋಮೀಟರ್. ಮಕ್ಕಳು, ಹಿರಿಯರು ನಡೆಯಬಹುದು.’ ಆ ಹಾದಿಯನ್ನು ನಾವು ಮೂವರು, ಎಂದರೆ ನಾನು, ಗೆಳತಿ ಸೌಜನ್ಯಾ, ಅವಳ ತಮ್ಮ ಅಶ್ವಿನ್, ಬೆಳಿಗ್ಗೆಯೇ ನಡೆದು ಮುಗಿಸಿದ್ದೆವು. ಅಶ್ವಿನ್ ಎಲ್ಲಿಗೆ ಚಾರಣ ಹೋದರೂ ದಾರಿಯಲ್ಲಿ ಬಿದ್ದ ಕಸವನ್ನೆಲ್ಲ ಹೆಕ್ಕಿ ಚೀಲಕ್ಕೆ ತುಂಬಿಕೊಂಡು ಬರುವವನು. ಅವತ್ತೂ ತುಂಬಿದ್ದ.

ಮಧ್ಯಾಹ್ನ ಮಳೆ ಹಿಡಿಯಿತು. ಹಳ್ಳದ ನೀರು ಸೇತುವೆ ಹತ್ತಿತೆಂದು ಹಾದಿಗೆ ಹೋಗುವ ಗೇಟು ಮುಚ್ಚಿದರು. ನಮ್ಮನ್ನು ವಾಪಸು ಒಯ್ಯುವ ಜೀಪು ಬರುವವರೆಗೆ ನಾವು ಶೆಡ್ಡಿನಲ್ಲಿ ಕುಳಿತೆವು. ಅಲ್ಲಿ ಚಹಾ ಕಾಯಿಸುತ್ತಿದ್ದವನು ಹುಲಿಯಪ್ಪ, ಇದೇ ಕಾಡಿನಲ್ಲಿ ವಾಚರ್ ಆಗಿದ್ದು ನಿವೃತ್ತನಾದ ಮುದುಕ. ಅಶ್ವಿನ್ ಮೂರನೇ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ನಡುಗುತ್ತಿದ್ದ. ನೆನೆದದ್ದಕ್ಕೆ ಇರಬೇಕು ಎಂದುಕೊಂಡೆವು. ಹುಲಿಯಪ್ಪ ಅವನನ್ನೂ ಅವನ ಚೀಲವನ್ನೂ ಬಹಳ ಹೊತ್ತು ನೋಡಿ ಒಲೆಯ ಹತ್ತಿರ ಸರಿದು ಕುಳಿತ.

“ಮಳೆ ಬಿಡೋ ತಂಕ ಎಲ್ಲಿಗೂ ಹೋಗೋ ಹಂಗಿಲ್ಲ, ಕೇಳ್ಕಳಿ. ಎರಡನೇ ಸೇತುವೆ ದಾಟಿದ ಮೇಲೆ ಒಂದು ತಿರುವು ಸಿಕ್ತಲ್ಲ... ಅದು ಸೊಪ್ಪಿನ ತಿರುವು. ನಮ್ಮಜ್ಜನ ಕಾಲದಲ್ಲಿ ಘಟ್ಟದ ಕೆಳಗಿಂದ ಒಬ್ಬಳು ಹೆಂಗಸು ಒಂಟಿಯಾಗಿ ಹತ್ತಿ ಬರ್ತಾ, ಜಡಿಮಳೇಲಿ ಚಳಿ ತಡೀಲಾರದೆ, ಅಲ್ಲೇ ಕೂತು ಸತ್ತು ಹೋದ್ಲಂತೆ. ಯಾರ ಮನೆಯೋಳು, ಏನು ಹೆಸರು... ಯಾರಿಗೆ ಗೊತ್ತು? ಕಂಡೋರ ಹತ್ರ ಕಂಬಳಿ ಇತ್ತು, ಕೊಡೋಕೆ ಮನಸ್ಸು ಬರಲಿಲ್ಲ. ಸೊಪ್ಪು ಮುರಿದು ಮುಚ್ಚಿದ್ರು. ಅವತ್ತಿಂದ ಆ ದಾರೀಲಿ ಹೋದೋರು ಒಂದೊಂದು ಹಸಿ ಸೊಪ್ಪಿನ ಟೊಂಗೆ ಅಲ್ಲಿ ಹಾಕಿ ಹೋಗ್ಬೇಕು. ಪೂಜೆ ಇಲ್ಲ, ಕುಂಕುಮ ಇಲ್ಲ. ಅದು ಅವಳ ಹೊದಿಕೆ, ಅಷ್ಟೇ.

“ಆಮೇಲೆ ಉದ್ಯಾನ ಆಯ್ತು, ಮೆಟ್ಲು ಬಂತು, ಕಂಬಿ ಬಂತು, ಗಿಡ ಮುರೀಬಾರ್ದು ಅಂತ ಬೋರ್ಡೂ ಬಂತು. ಒಂದ್ಸಲ ದೊಡ್ಡೋರು ಬರ್ತಾರೆ ಅಂತ ಗೊತ್ತಾಗಿ, ಹಾದಿ ಚೊಕ್ಕ ಕಾಣ್ಲಿ ಅಂತ ಆ ಸೊಪ್ಪಿನ ಗುಡ್ಡೆ ತೆಗೆಸಿಬಿಟ್ಟೆ. ಯಾರೂ ಹೇಳಿರಲಿಲ್ಲ ಮಾರಾಯ್ರೆ... ಶಹಭಾಸ್ ಅನ್ನಿಸ್ಕೊಳ್ಳೋ ಹುಚ್ಚು ನನಗೇ ಇತ್ತು. ನನ್ನ ತಂಗಿ ಮಗ ದುರ್ಗೇಶ ನನ್ನ ಜೊತೇಲೇ ವಾಚರ್ ಆಗಿದ್ದ. ಅವನೇ ಬುಟ್ಟಿ ತುಂಬಿ ತುಂಬಿ ಹಳ್ಳಕ್ಕೆ ಚೆಲ್ಲಿದ.

“ಆ ವಾರದಿಂದ ನೋಡಿ... ಹಾದಿಗೆ ಹೋದೋರಲ್ಲಿ ಒಬ್ಬಳ ಶಾಲು ಇಲ್ಲ, ಇನ್ನೊಬ್ಬನ ಜಾಕೆಟ್ ಇಲ್ಲ. ಕೇಳಿದ್ರೆ, ತಿರುವಲ್ಲಿ ಒಬ್ಬಮ್ಮ ಕೂತು ನಡುಗ್ತಿದ್ರು, ಹೊದೆಯೋಕೆ ಕೇಳಿದ್ರು, ಕೊಟ್ವಿ ಅಂತಾರೆ. ನಾವು ಹೋಗಿ ನೋಡಿದ್ರೆ ಮನುಷ್ಯರೇ ಇಲ್ಲ. ಬಟ್ಟೆ ಮಾತ್ರ ಒಂದರ ಮೇಲೊಂದು, ಒಬ್ಬರು ಮಲಗಿದಷ್ಟು ಉದ್ದಕ್ಕೆ ಹಾಸಿತ್ತು. ಈಗ ನೀವೇ ಹೇಳಿ, ಅಷ್ಟಕ್ಕೇ ಬಿಡ್ಬೇಕಿತ್ತಾ ಬೇಡ್ವಾ? ದುರ್ಗೇಶ ಒಂದು ಕೆಂಪು ಜಾಕೆಟ್ ಎತ್ಕಂಡ. ಸುಮ್ನೆ ಒದ್ದೆಯಾಗಿ ಹಾಳಾಗ್ತದೆ ಮಾವ, ಅಂದ. ನಾನೂ ಬೇಡ ಅನ್ನಲಿಲ್ಲ.

“ಅವತ್ತೇ ಅವನಿಗೆ ನಡುಕ ಹತ್ತಿತು. ಏಪ್ರಿಲ್ ಬಿಸಿಲಲ್ಲಿ ಮೂರು ಕಂಬಳಿ ಹೊದ್ದು ನಡುಗ್ತಾನೆ... ತೀರ್ಥಹಳ್ಳಿ ಡಾಕ್ಟ್ರು ನೋಡಿ, ಜ್ವರ ಇಲ್ಲ ಅಂದ್ರು. ನಾನೇ ಜಾಕೆಟ್ ಒಯ್ದು ತಿರುವಲ್ಲಿ ಇಟ್ಟು ಬಂದೆ. ಬೆಳಿಗ್ಗೆ ಎದ್ದರೆ ಅದು ನಮ್ಮ ಜಗಲೀಲಿ ಬಿದ್ದಿದೆ, ಒದ್ದೆ ಮುದ್ದೆಯಾಗಿ! ಎರಡು ಸಲ ಹಂಗೇ ಆಯ್ತು. ತಂಗಿ ಕನ್ನಮ್ಮ ಹೇಳಿದ್ಲು, ತಗೊಂಡೋನ ಕೈಯಿಂದ್ಲೇ ಹೊದೆಸ್ಬೇಕು ಅಣ್ಣ, ನೀನು ಕೊಟ್ರೆ ಅವಳು ಒಪ್ಪಲ್ಲ ಅಂತ.

“ಸರಿ, ಅವನ್ನ ಹೆಗಲಿಗೆ ಆನಿಸ್ಕಂಡು ಹೊರಟೆ. ಮಕ್ಕಳು ನಡೆಯೋ ಹಾದಿ... ನಮ್ಮ ದುರ್ಗೇಶಂಗೆ ಎರಡು ತಾಸು ಬೇಕಾಯ್ತು. ತಿರುವು ಕಾಣ್ತಿತ್ತು, ಇಪ್ಪತ್ತು ಹೆಜ್ಜೆ ಇರ್ಬಹುದು, ಅಲ್ಲೇ ಕೂತುಬಿಟ್ಟ. ಚಳಿ ಮಾವ, ಅಂದ. ಬೇಸಿಗೆ ಮಳೆ ಬಂದೀತು ಅಂತ ಹಾಕ್ಕಂಡಿದ್ದ ನನ್ನ ಮಳೆಕೋಟು ಬಿಚ್ಚಿ ಹೊದೆಸಿದೆ. ಹೊದೆಸೋದ್ರೊಳಗೆ ಹೋಗಿದ್ದ. ನನ್ನಿಂದ್ಲೇ ಹೋದ.

“ಕೆಂಪು ಜಾಕೆಟ್ ಅವನ ಜೊತೇಲೇ ಸುಟ್ವಿ. ನನ್ನ ಕೋಟು ಮಾತ್ರ ಅವನು ಕೂತಿದ್ದ ಜಾಗದಲ್ಲೇ ಬಿಟ್ಟೆ. ಎಂಟು ವರ್ಷ ಆಯ್ತು, ಗಾಳಿಗೆ ಹಾರಿಲ್ಲ, ಮಂಗ ಹರಿದಿಲ್ಲ. ಆ ಹೆಂಗಸಿಗೆ ನಾನು ದಿನಾ ಸೊಪ್ಪು ಹಾಕ್ತೀನಿ, ಅವಳು ಈಗ ಯಾರನ್ನೂ ಕೇಳಲ್ಲ. ದುರ್ಗೇಶಂಗೆ ಆ ಕೋಟೇ ಹೊದಿಕೆ.”

ತಗಡಿನ ಮೇಲೆ ಮಳೆಯ ಸದ್ದು ಕಡಿಮೆಯಾಗಿತ್ತು. ಹುಲಿಯಪ್ಪ ಒಲೆಯ ಕೊಳ್ಳಿ ಹಿಂದಕ್ಕೆಳೆದು ಅಶ್ವಿನ್‌ನ ಚೀಲದತ್ತ ಕೈ ತೋರಿಸಿದ.

“ತಮ್ಮಾ, ಅಲ್ಲಿ ಖಾಕಿ ತೋಳು ಕಾಣ್ತಿದೆ. ಕಾಲರ್ ಒಳಗೆ ಒಂದ್ಸಲ ನೋಡು.”

ಎಳೆದು ತೆಗೆದವಳು ಸೌಜನ್ಯಾ. ಹಳೆಯ ಮಳೆಕೋಟು. ಕಾಲರಿನ ಒಳಗೆ ಮಾಸಿದ ಶಾಯಿಯಲ್ಲಿ ‘ಹುಲಿಯಪ್ಪ’ ಎಂದು ಬರೆದಿತ್ತು.

“ನಾನು... ಕಸ ಅಂತ...” ಎಂದ ಅಶ್ವಿನ್. ಹಲ್ಲು ಕಟಕಟ ಎನ್ನುತ್ತಿದ್ದುದರಿಂದ ಮಾತು ಮುಂದುವರಿಯಲಿಲ್ಲ.

“ಗೊತ್ತು. ಅವನೂ ಒಳ್ಳೇದಕ್ಕೇ ತಗೊಂಡಿದ್ದ.” ಹುಲಿಯಪ್ಪ ಎದ್ದು ನಿಂತ. ಕೋಟನ್ನು ತಾನು ಮುಟ್ಟಲಿಲ್ಲ. “ಗೇಟು ತೆಗೀತಿದ್ದಾರೆ, ನಾನೂ ಜೊತೇಲಿ ಬರ್ತೀನಿ. ಆದ್ರೆ ನೀನೇ ನಡೀಬೇಕು, ನೀನೇ ಹೊದೆಸ್ಬೇಕು. ಇವತ್ತಿಗೆ ಅದು ಸುಲಭದ ಹಾದಿನೇ ತಮ್ಮಾ... ನಾಳೆಗೆ ಒಂದೂವರೆ ಕಿಲೋಮೀಟ್ರು ನಿನ್ನ ಕೈಲಿ ಆಗಲ್ಲ.”